ಕಣ್ಣು ಹೊರಳುವ ಸದ್ದು

ಆಸ್ಪತ್ರೆಯಲ್ಲಿ ಎಲ್ಲರೂ ಅವನನ್ನು ನಿಧಾನಿ ಎಂದು ಕರೆಯುತ್ತಿದ್ದರು. ಮಾತು ನಿಧಾನ, ಊಟ ನಿಧಾನ, ಮೆಟ್ಟಿಲು ಹತ್ತುವುದೂ ನಿಧಾನ. ಆಂಬುಲೆನ್ಸಿನ ಸ್ಟೇರಿಂಗ್ ಹಿಡಿದು ಕೂತನೆಂದರೆ ಮಾತ್ರ ಆ ಮನುಷ್ಯನೇ ಬೇರೆ. ಸೂಜಿಗೆ ದಾರ ಪೋಣಿಸಿದ ಹಾಗೆ ಗಾಡಿಗಳ ನಡುವೆ ನುಸುಳಿಕೊಂಡು ಹೋಗುತ್ತಿದ್ದ. ಹಿಂದೆ ಮಲಗಿದ ರೋಗಿಗೆ ಗಾಡಿ ತಿರುಗಿದ್ದೂ ತಿಳಿಯುತ್ತಿರಲಿಲ್ಲ. ಅವನ ಗಾಡಿಯಲ್ಲಿ ರೋಗಿಯ ಪಕ್ಕ ಕೂರುತ್ತಿದ್ದ ನರ್ಸನ್ನು ಎಲ್ಲರೂ ಸಿಸ್ಟರ್ ಎನ್ನುತ್ತಿದ್ದರು. "ಈ ಅಣ್ಣ ಓಡಿಸ್ತಿದ್ರೆ ನಾನು ನಿಂತ್ಕೊಂಡೇ ಚಹಾ ಕುಡೀತೀನಿ, ಒಂದು ತೊಟ್ಟು ಚೆಲ್ಲಲ್ಲ," ಎಂದು ಅವಳು ಹೊಸಬರ ಮುಂದೆ ಹೇಳುತ್ತಿದ್ದಳು. ಅವನು ತಲೆ ತಗ್ಗಿಸಿ ಗಾಜು ಒರೆಸುತ್ತಿದ್ದ.

ಆ ಸದ್ದು ಮೊದಲು ಕೇಳಿಸಿದ್ದು ಮನೆಯಲ್ಲಿ. ರಾತ್ರಿ ಪಾಳಿ ಮುಗಿಸಿ ಬಂದು, ಪರದೆ ಎಳೆದುಕೊಂಡು ಮಲಗಿದ್ದ. ಹೆಂಡತಿ ತನ್ನ ಹೊಲಿಗೆ ಅಂಗಡಿಗೆ ಹೋಗಿದ್ದಳು. ಅವರ ಜೊತೆಯಲ್ಲೇ ಇದ್ದ ಅತ್ತೆ, ಕಿವಿಯ ಯಂತ್ರ ತೆಗೆದಿಟ್ಟು ಮುಂದಿನ ಕೋಣೆಯಲ್ಲಿ ತೂಕಡಿಸುತ್ತಿದ್ದರು. ಮನೆಯೆಲ್ಲ ಗಪ್‌ಚಿಪ್. ಆಗ ಎಡಗಡೆಯಿಂದ ಸರ್ರ್ ಎಂದಿತು. ಯಾರೋ ಮರಳುಕಾಗದದಿಂದ ಹಲಗೆ ಉಜ್ಜಿದ ಹಾಗೆ. ಇಲಿಯಿರಬೇಕು ಎಂದುಕೊಂಡು ಎದ್ದು ಮಂಚದ ಕೆಳಗೆ ನೋಡಿದ. ಸರ್ರ್. ಬೀರುವಿನ ಹಿಂದೆ ನೋಡಿದ. ಮತ್ತೆ ಸರ್ರ್. ಕಿಟಕಿಯತ್ತ ನೋಡಿದರೂ ಅದೇ, ಬಾಗಿಲತ್ತ ನೋಡಿದರೂ ಅದೇ. ಅವನು ಮಂಚದ ಅಂಚಿನಲ್ಲಿ ಕೂತು, ತಲೆಯನ್ನು ಅಲ್ಲಾಡಿಸದೆ, ಗೋಡೆಯ ಮೇಲಿನ ಒಂದು ಮೊಳೆಯನ್ನೇ ನೋಡುತ್ತ ಉಳಿದ. ಸದ್ದು ನಿಂತಿತು. ಕಣ್ಣನ್ನು ಮೊಳೆಯಿಂದ ಕಿಟಕಿಗೆ ಹೊರಳಿಸಿದ. ಸರ್ರ್. ಕಿಟಕಿಯಿಂದ ಮೊಳೆಗೆ ತಂದ. ಸರ್ರ್.

ಅವನ ಕಣ್ಣೇ ಸದ್ದು ಮಾಡುತ್ತಿತ್ತು.

ಅವನಿಗೆ ಮೈಯೆಲ್ಲ ತಣ್ಣಗಾಯಿತು. ಹೆದರಿಕೆಗೆ ಕಾರಣವಿತ್ತು. ಅವನ ದೊಡ್ಡಣ್ಣನಿಗೂ ಶುರುವಾದದ್ದು ಹೀಗೆಯೇ. ಮೀಸೆ ಸರಿಯಾಗಿ ಚಿಗುರುವ ಮೊದಲೇ ಅಣ್ಣ ಗೋಡೆಗೆ ಕಿವಿ ಹಚ್ಚಿ ನಿಲ್ಲುತ್ತಿದ್ದ. ಒಳಗೆ ಯಾರೋ ಏನೋ ಕೆರೆಯುತ್ತಿದ್ದಾರೆ ಎನ್ನುತ್ತಿದ್ದ. ಆಮೇಲೆ ಕೆರೆಯುವವರು ಮಾತಾಡಲು ಶುರುಮಾಡಿದರು. ಮನೆಯವರು ಮಾತ್ರೆ ಕೊಡಿಸಿದರು, ಬೈದರು, ಕೊನೆಗೆ ಬೀದಿ ಬಾಗಿಲಿಗೆ ಬೀಗ ಹಾಕಿ ಕೀಲಿಕೈಯನ್ನು ಅಮ್ಮ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಒಂದು ದಿನ ಅಮ್ಮ ಬೀಗ ಹಾಕಲು ಮರೆತಳು. ಅಣ್ಣ ಚಪ್ಪಲಿಯನ್ನೂ ಮೆಟ್ಟದೆ ಹೋದವನು ಮತ್ತೆ ಬರಲಿಲ್ಲ. ಈ ಸಂಗತಿಯನ್ನು ಅವನು ಮದುವೆಯಾದ ಹೊಸದರಲ್ಲಿ ಹೆಂಡತಿಗೆ ಒಮ್ಮೆ ಹೇಳಿದ್ದ. ಆಮೇಲೆ ಇಬ್ಬರೂ ಆ ಮಾತು ಎತ್ತಿರಲಿಲ್ಲ.

ದಿನ ಕಳೆದಂತೆ ಬೇರೆ ಸದ್ದುಗಳೂ ಸೇರಿಕೊಂಡವು. ನಡೆದರೆ ಹಿಮ್ಮಡಿಯ ಏಟು ಕಿವಿಯೊಳಗೇ ಬೀಳುತ್ತಿತ್ತು. ಊಟಕ್ಕೆ ಕೂತರೆ ತಾನು ಅಗಿಯುವ ಸದ್ದಿನಲ್ಲಿ ಎದುರಿಗಿದ್ದವರ ಮಾತು ಮುಳುಗಿಹೋಗುತ್ತಿತ್ತು. ಸ್ವಂತ ದನಿ ಬಿಂದಿಗೆಯೊಳಗಿಂದ ಬಂದಂತೆ ಗುಂಯ್ಗುಡುತ್ತಿತ್ತು. ಎಡಮಗ್ಗುಲಾಗಿ ಮಲಗಿದರೆ ಎದೆಬಡಿತ ದಿಂಬಿನ ಅಡಿಯಿಂದ ಬಾಗಿಲು ತಟ್ಟಿದಂತೆ ಕೇಳುತ್ತಿತ್ತು. ಅವನು ಮೊದಲಿಗಿಂತಲೂ ಕಡಿಮೆ ಮಾತಾಡಿದ. ನಿಧಾನಿಯಲ್ಲವೇ, ಯಾರಿಗೂ ವ್ಯತ್ಯಾಸ ತಿಳಿಯಲಿಲ್ಲ.

ಇಷ್ಟೇ ಆಗಿದ್ದರೆ ಹಲ್ಲು ಕಚ್ಚಿಕೊಂಡು ಇರುತ್ತಿದ್ದನೋ ಏನೋ. ಆದರೆ ಒಂದು ಬೆಳಿಗ್ಗೆ, ಉಸಿರಾಟ ಕಟ್ಟಿದ್ದ ಮುದುಕಿಯೊಬ್ಬಳನ್ನು ಕರೆತರುವಾಗ, ಅವನು ಸೈರನ್ ಗುಂಡಿ ಒತ್ತಿದ್ದೇ ತಡ, ರಸ್ತೆ ಎಡಕ್ಕೆ ವಾಲಿತು.

ಟಯರ್ ಕುಸಿದಿದೆ ಎಂದುಕೊಂಡು ಗಾಡಿಯನ್ನು ಬದಿಗೆ ತಂದು ಇಳಿದ. ನಾಲ್ಕೂ ಚಕ್ರ ಒದ್ದು ನೋಡಿದ. ಗಟ್ಟಿಯಾಗಿದ್ದವು. ಸಿಸ್ಟರ್ ಹಿಂಬಾಗಿಲು ಅರ್ಧ ತೆರೆದು ಕೇಳಿದಳು.

"ಏನಾಯ್ತಣ್ಣ?"

"ಪಂಕ್ಚರ್ ಅನ್ನಿಸ್ತು ಸಿಸ್ಟರ್."

"ಆಗಿದ್ಯಾ?"

"ಇಲ್ಲ."

"ಹಾಗಾದ್ರೆ ನಡೀರಿ. ಅಜ್ಜಿ ಉಗುರು ನೀಲಿಯಾಗ್ತಿದೆ."

ಹತ್ತಿ ಕೂತು ಮತ್ತೆ ಸೈರನ್ ಹಾಕಿದ. ಎದುರಿನ ಕಟ್ಟಡಗಳು, ದೀಪದ ಕಂಬಗಳು, ಅಂಗಡಿಯ ಫಲಕಗಳು ಎಲ್ಲವೂ ಒಟ್ಟಿಗೆ ಓರೆಯಾಗಿ ಕೆಳಕ್ಕೆ ಜಾರಿದವು. ತಟ್ಟನೆ ಸೈರನ್ ಆರಿಸಿದ. ಲೋಕ ನೆಟ್ಟಗಾಯಿತು. ಉಳಿದ ದಾರಿಯನ್ನು ಬರೀ ಕೆಂಪು ದೀಪ ಹಾಕಿಕೊಂಡು, ಕೈಬೀಸಿ ದಾರಿ ಕೇಳಿಕೊಂಡು ಮುಗಿಸಿದ. ಮುದುಕಿ ಉಳಿದಳು. ಅವನು ಶೆಡ್ಡಿನ ಹಿಂದೆ ಹೋಗಿ ವಾಂತಿ ಮಾಡಿದ.

ಅಂದಿನಿಂದ ಸೈರನ್ನಿನ ಫ್ಯೂಸನ್ನು ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡು ಹೊರಡುವುದು ಅವನ ಅಭ್ಯಾಸವಾಯಿತು. ಯಾರಾದರೂ ಕೇಳಿದರೆ ತಂತಿ ಸಡಿಲವಾಗಿದೆ ಎನ್ನುತ್ತಿದ್ದ. ಮೆಕ್ಯಾನಿಕ್ ಹೊಸ ಫ್ಯೂಸ್ ಹಾಕಿಕೊಟ್ಟರೆ ಅದನ್ನೂ ಕೀಳುತ್ತಿದ್ದ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ಪ್ರತಿ ಬೆಳಿಗ್ಗೆ ಅಂದುಕೊಳ್ಳುತ್ತಿದ್ದ. ಆದರೆ ಏನೆಂದು ಹೇಳುವುದು? ಸೈರನ್ ಹಾಕಿದರೆ ರಸ್ತೆ ವಾಲುತ್ತದೆ, ಕಣ್ಣು ಹೊರಳಿಸಿದರೆ ಸದ್ದಾಗುತ್ತದೆ ಎಂದರೆ ಮುಂದಿನ ಪ್ರಶ್ನೆ ಯಾವುದೆಂದು ಅವನಿಗೆ ಗೊತ್ತಿತ್ತು. ನಿಮ್ಮ ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಿತ್ತೇ?

ಮನೆಯಲ್ಲೂ ನೆಮ್ಮದಿಯಿರಲಿಲ್ಲ. ಅತ್ತೆಗೆ ಕಿವಿ ಮಂದ. ಟೀವಿಯನ್ನು ಬೀದಿಗೆಲ್ಲ ಕೇಳುವಷ್ಟು ಜೋರಾಗಿ ಹಾಕಿಕೊಳ್ಳುತ್ತಿದ್ದರು. ಒಂದು ಸಂಜೆ ಅವನು ಮುಂದಿನ ಕೋಣೆ ದಾಟುವಾಗ ಟೀವಿಯಲ್ಲಿ ಯಾರೋ ತುತ್ತೂರಿ ಊದಿದರು. ನೆಲ ಜಾರಿತು. ಬಾಗಿಲಿನ ಚೌಕಟ್ಟು ಹಿಡಿದುಕೊಳ್ಳದಿದ್ದರೆ ಬಿದ್ದೇಬಿಡುತ್ತಿದ್ದ.

"ಏನು ಅಳಿಯಂದ್ರೇ, ಬಾಗಿಲು ಬೀಳುತ್ತೆ ಅಂತ ಹಿಡ್ಕೊಂಡಿದ್ದೀರಾ?" ಎಂದರು ಅತ್ತೆ.

"ಸದ್ದು ಜಾಸ್ತಿಯಾಯ್ತು ಅತ್ತೆ."

"ಆಂ?"

"ಸದ್ದು ಜಾಸ್ತಿ."

"ನನಗೆ ಬೇಕಾದ್ದೇ ಕೇಳ್ಸಲ್ಲ, ನಿಮಗೆ ಬೇಡದ್ದೂ ಕೇಳ್ಸುತ್ತೆ. ನಮ್ಮಿಬ್ಬರದನ್ನೂ ಕಲಸಿ ಪಾಲು ಮಾಡಿದ್ರೆ ಇಬ್ಬರಿಗೂ ಸರಿಹೋಗ್ತಿತ್ತು," ಎಂದು ಅವರು ಬೊಚ್ಚುಬಾಯಿ ಬಿಟ್ಟು ನಕ್ಕರು.

ಅವನು ನಗಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಹೆಂಡತಿಯೂ ನಗಲಿಲ್ಲ. ಅವಳು ಕೋಣೆಗೆ ಬಂದು, ಬಾಗಿಲು ಹಾಕಿ, ಅವನ ಮುಖದ ಹತ್ತಿರ ಬಾಗಿ ಮೂಸಿ ನೋಡಿದಳು.

"ಕುಡೀತಿದ್ದೀರಾ?"

"ಇಲ್ಲ ಕಣೇ."

"ಕುಡಿದಿದ್ರೇ ವಾಸಿ ಇತ್ತು. ಅದಕ್ಕೊಂದು ಹೆಸರಾದ್ರೂ ಇರ್ತಿತ್ತು. ಏನಾಗಿದೆ ಹೇಳಿ."

ಅವನು ಮಂಚದ ಅಂಚಿನಲ್ಲಿ ಕೂತ. ಆಮೇಲೆ ಹೇಳಿದ, "ನನ್ನ ಕಣ್ಣಿನ ಹತ್ತಿರ ಕಿವಿ ಇಟ್ಟು ನೋಡು. ಏನಾದ್ರೂ ಕೇಳ್ಸುತ್ತಾ ಹೇಳು."

ಅವಳು ತಮಾಷೆಯೆಂದು ತಿಳಿದಳು. ಅವನ ಮುಖ ನೋಡಿ ತಮಾಷೆಯಲ್ಲವೆಂದು ಗೊತ್ತಾಯಿತು. ಪಕ್ಕದಲ್ಲಿ ಕೂತು, ಅವನ ಎಡಗಣ್ಣಿಗೆ ತಾಗುವ ಹಾಗೆ ಕಿವಿ ತಂದಳು. ಅವನು ಕಣ್ಣನ್ನು ಒಂದು ಸಲ ಆ ಕಡೆಗೆ, ಒಂದು ಸಲ ಈ ಕಡೆಗೆ ಹೊರಳಿಸಿದ. ಅವನ ತಲೆಯೊಳಗೆ ಹಲಗೆ ಉಜ್ಜುವ ಸದ್ದು ಸ್ಪಷ್ಟವಾಗಿ ಬರುತ್ತಿತ್ತು.

"ಕೇಳಿಸ್ತಾ?"

"ಇಲ್ಲ."

"ಈಗ?"

"ಇಲ್ಲ ಕಣ್ರಿ. ಏನೂ ಇಲ್ಲ."

ಅವಳು ಕಿವಿ ತೆಗೆದಳು. ಅವನ ಭುಜದ ಮೇಲಿದ್ದ ಅವಳ ಕೈ ಮಂಜುಗಡ್ಡೆಯಾಗಿತ್ತು. ಇಬ್ಬರಿಗೂ ಒಬ್ಬನ ನೆನಪೇ ಬಂದಿತ್ತು. ಯಾರೂ ಆ ಹೆಸರೆತ್ತಲಿಲ್ಲ. ನಿದ್ದೆ ಸಾಲದೆ ಹೀಗಾಗುತ್ತಿರಬಹುದು ಎಂದಳು ಅವಳು. ಇರಬಹುದು ಎಂದ ಅವನು.

ಮರುದಿನ ಅವನು ಹೊರಗೆ ಹೋಗಲೆಂದು ಬೀದಿ ಬಾಗಿಲು ಎಳೆದರೆ ಬರಲಿಲ್ಲ. ಒಳಗಿನಿಂದ ಬೀಗ ಬಿದ್ದಿತ್ತು. ಹೆಂಡತಿ ಅಡುಗೆಮನೆಯಿಂದ ಓಡಿ ಬಂದು, ಸೊಂಟದಿಂದ ಕೀಲಿಕೈ ತೆಗೆದು, ಅವನ ಮುಖ ನೋಡದೆ ಬೀಗ ಬಿಚ್ಚಿದಳು. "ಬೀದೀಲಿ ಕಳ್ಳತನ ಜಾಸ್ತಿಯಾಗಿದೆಯಂತೆ," ಎಂದಳು.

ಅವನು ಮೆಟ್ಟಿಲಿಳಿದು ಬೀದಿಗೆ ಬಂದ. ತಾನು ಹುಚ್ಚನಾಗುತ್ತಿದ್ದೇನೆ ಎಂಬ ಅನುಮಾನ ಅಲ್ಲಿಯವರೆಗೆ ಅವನೊಬ್ಬನದಾಗಿತ್ತು. ಈಗ ಅದನ್ನು ಇನ್ನೊಬ್ಬರೂ ನಂಬಿದ್ದರು.

ಅದೇ ವಾರ ಪೇಂಟರ್ ಬಿದ್ದ.

ಶಾಲೆಯೊಂದರ ಹೊರಗೋಡೆಗೆ ಬಣ್ಣ ಬಳಿಯುತ್ತಿದ್ದವನು ಏಣಿಯಿಂದ ಜಾರಿ ಸಿಮೆಂಟು ನೆಲಕ್ಕೆ ಬೆನ್ನು ಕೊಟ್ಟು ಬಿದ್ದಿದ್ದ. ನಡುವಯಸ್ಸಿನ, ಸಣಕಲು ಆಸಾಮಿ. ಕೂದಲಿಗೆಲ್ಲ ಹಳದಿ ಬಣ್ಣದ ಹನಿ. ಪ್ರಜ್ಞೆಯಿತ್ತು. ಸಿಸ್ಟರ್ ಅವನ ಕೊರಳಿಗೆ ಪಟ್ಟಿ ಕಟ್ಟಿ, ಹಲಗೆಯ ಮೇಲೆ ಮಲಗಿಸಿ, ತಲೆಯ ಎರಡೂ ಕಡೆ ಬಟ್ಟೆಯ ಸುರುಳಿ ಇಟ್ಟು ಬಿಗಿದಳು.

"ಅಣ್ಣ, ಬೆನ್ನುಮೂಳೆ ಇದು. ಒಂದು ಕುಲುಕೂ ಆಗಬಾರದು," ಎಂದಳು ಮೆಲ್ಲಗೆ.

"ಆಗಲ್ಲ."

ಹಲಗೆ ಎತ್ತುವಾಗ ಅವನು ಉಸಿರು ಬಿಗಿ ಹಿಡಿದ. ಲೋಕ ಒಂದು ಕ್ಷಣ ಓರೆಯಾಯಿತು. ಕಾಲು ಅಗಲಿಸಿ ನಿಂತು, ಉಸಿರು ಬಿಟ್ಟು, ಹೇಗೋ ಒಳಗೆ ತಳ್ಳಿದ. ಎತ್ತುವಾಗಲೂ ಹೀಗಾಗುವುದು ಹೊಸದು. ಆಗಲೇ ಹೇಳಿಬಿಡಬೇಕಿತ್ತು. ಹಿಂಬಾಗಿಲು ಮುಚ್ಚುವಾಗ ಮಾತು ಗಂಟಲವರೆಗೆ ಬಂತು ಕೂಡ. ಪೇಂಟರ್ ಮೇಲಿನ ತಗಡನ್ನು ನೋಡುತ್ತ, "ಕಾಲು ಇದ್ಯಾ ನೋಡಿ ಸಿಸ್ಟರ್, ನನಗೆ ತಿಳೀತಿಲ್ಲ," ಎನ್ನುತ್ತಿದ್ದ. ಅವನು ಬಾಗಿಲು ಮುಚ್ಚಿ ಹೋಗಿ ಸೀಟಿನಲ್ಲಿ ಕೂತ.

ನದಿಯ ಏಕಮುಖ ಸಂಚಾರದ ಸೇತುವೆಯವರೆಗೆ ಎಲ್ಲ ಸರಿಯಾಗಿಯೇ ಹೋಯಿತು. ಬಿಸಿಲಿಗೆಂದು ಕಿಟಕಿಯ ಗಾಜು ಇಳಿಸಿದ್ದ. ಸೇತುವೆಯ ನಡುವೆ ಬಂದಾಗ ಹಿಂದಿನಿಂದ ಅಗ್ನಿಶಾಮಕದ ಗಾಡಿ ಬಂತು. ಅದು ಅವನ ಎಡಕ್ಕೆ ಬಂದು, ಮುಂದಿನ ಗಾಡಿಗಳನ್ನು ಸರಿಸಲು ದೊಡ್ಡ ಸೈರನ್ ಒತ್ತಿತು.

ಸೇತುವೆ ತಲೆಕೆಳಗಾಯಿತು. ಅವನಿಗೆ ಅನ್ನಿಸಿದ್ದು ಹಾಗೆಯೇ. ನದಿ ಮೇಲೆದ್ದು ಬಂತು, ಆಕಾಶ ಕಾಲಿನ ಕಡೆಗೆ ಸುರಿಯಿತು. ಗಾಡಿ ಪಕ್ಕಕ್ಕೆ ಉರುಳುತ್ತಿದೆ ಎಂದು ಅವನ ಮೈಯ ಒಂದೊಂದು ನರವೂ ಹೇಳುತ್ತಿತ್ತು. ಉರುಳದಿರಲಿ ಎಂದು ಅವನ ಕೈ ಸ್ಟೇರಿಂಗನ್ನು ಇನ್ನೊಂದು ಕಡೆಗೆ ತಿರುಗಿಸಿತು. ಗಾಡಿ ಉರುಳುತ್ತಿರಲಿಲ್ಲ, ನೆಟ್ಟಗೇ ಹೋಗುತ್ತಿತ್ತು. ಅವನು ತಿರುಗಿಸಿದ್ದಕ್ಕೆ ಸೇತುವೆಯ ಅಂಚಿನ ಕಟ್ಟೆ ಹತ್ತಿತು, ದಡ್ ಎಂದು ಕೆಳಗಿಳಿಯಿತು, ಕಬ್ಬಿಣದ ಕಂಬಿಯನ್ನು ಉಜ್ಜಿಕೊಂಡು ನಿಂತಿತು. ಹಿಂದಿನಿಂದ ಪೇಂಟರ್ ಕೂಗಿದ. ಒಂದೇ ಕೂಗು. ಆಮೇಲೆ ಏನೂ ಇಲ್ಲ.

ಅವನು ಎರಡೂ ಕೈಯಲ್ಲಿ ಸ್ಟೇರಿಂಗ್ ಅವುಚಿಕೊಂಡಿದ್ದ. ಕಿಟಕಿಯ ಕೆಳಗೆ ನೀರು ಹರಿಯುತ್ತಿತ್ತು. ಬಾಗಿಲು ತೆರೆದುಕೊಂಡು ಸಿಸ್ಟರ್ ಬಂದಳು. ಆಕ್ಸಿಜನ್ ಸಿಲಿಂಡರಿಗೆ ಬಡಿದು ಅವಳ ಹಣೆ ಒಡೆದಿತ್ತು. ರಕ್ತ ಹುಬ್ಬಿನಿಂದ ತೊಟ್ಟಿಕ್ಕುತ್ತಿತ್ತು.

"ಏನು ಮಾಡ್ತಿದ್ದೀರಿ? ಎದ್ದೇ ಇದ್ದೀರಾ ಅಥವಾ..." ಎಂದವಳು ಅರ್ಧಕ್ಕೇ ನಿಂತಳು.

ಅಗ್ನಿಶಾಮಕದ ಗಾಡಿ ಅವರ ಪಕ್ಕದಲ್ಲೇ ನಿಂತು, ದಾರಿ ಕಟ್ಟಿದವರನ್ನು ಚದುರಿಸಲು ಬಿಟ್ಟು ಬಿಟ್ಟು ಸೈರನ್ ಒತ್ತುತ್ತಿತ್ತು. ಒತ್ತಿದಾಗಲೆಲ್ಲ ಅವನ ಎರಡೂ ಕಣ್ಣುಗುಡ್ಡೆ ಒಟ್ಟಿಗೆ ಮೇಲಕ್ಕೆ ಎದ್ದು, ಓರೆಯಾಗಿ ತಿರುಗುತ್ತಿದ್ದವು. ಸದ್ದು ನಿಂತರೆ ಕೆಳಗಿಳಿಯುತ್ತಿದ್ದವು. ಸಿಸ್ಟರ್ ಎರಡು ಸಲ ನೋಡಿದಳು, ಮೂರನೇ ಸಲವೂ ನೋಡಿದಳು.

"ಕೆಳಗಿಳೀರಿ," ಎಂದಳು. ದನಿ ಬದಲಾಗಿತ್ತು. "ನೀವು ಓಡಿಸಬೇಡಿ."

ಪೇಂಟರನಿಗೆ ಪ್ರಜ್ಞೆಯಿತ್ತು. ಮಾತು ಮಾತ್ರ ನಿಂತಿತ್ತು. ಅಗ್ನಿಶಾಮಕದವರಲ್ಲಿ ಒಬ್ಬ ಆಂಬುಲೆನ್ಸ್ ಓಡಿಸಲು ಹತ್ತಿದ. ಅವನು ಪಕ್ಕದ ಸೀಟಿಗೆ ಸರಿದ. ಆ ಮನುಷ್ಯ ಸೈರನ್ ಗುಂಡಿ ಒತ್ತಿದ, ಸದ್ದು ಬರಲಿಲ್ಲ. ಮತ್ತೆ ಒತ್ತಿದ.

"ಇದೇನ್ರಿ, ಇದು ಕೆಲಸ ಮಾಡಲ್ವಾ?"

ಅವನು ಜೇಬಿಗೆ ಕೈ ಹಾಕಿ ಫ್ಯೂಸ್ ತೆಗೆದು, ಡ್ಯಾಶ್‌ಬೋರ್ಡಿನ ಕೆಳಗೆ ಬಗ್ಗಿ, ತನ್ನ ಕೈಯಾರೆ ಅದನ್ನು ಕೂರಿಸಿದ. ಆಮೇಲೆ ಅಂಗೈಗಳಿಂದ ಎರಡೂ ಕಿವಿ ಒತ್ತಿಕೊಂಡು, ಕಣ್ಣು ಮುಚ್ಚಿ ಕೂತ. ಆಸ್ಪತ್ರೆ ಬರುವವರೆಗೂ ಸೀಟು ಅವನ ಕೆಳಗೆ ಕುಸಿಯುತ್ತಲೇ ಇತ್ತು. ಹಿಂದಿನ ಗಾಜಿನಿಂದ ಸಿಸ್ಟರ್ ತನ್ನನ್ನು ನೋಡುತ್ತಿದ್ದಾಳೆಂದು ಅವನಿಗೆ ಕಣ್ಣು ಮುಚ್ಚಿಯೂ ಗೊತ್ತಿತ್ತು.

ಮೇಲಿನವರು ಅವನ ಉಸಿರು ಪರೀಕ್ಷೆ ಮಾಡಿಸಿದರು. ಕುಡಿದಿರಲಿಲ್ಲ. ವಿಚಾರಣೆ ಮುಗಿಯುವವರೆಗೆ ಗಾಡಿ ಮುಟ್ಟಬಾರದು ಎಂದರು. ಅವನು ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದ. ಹಣೆಗೆ ಹೊಲಿಗೆ ಹಾಕಿಸಿಕೊಂಡು ಸಿಸ್ಟರ್ ಬಂದು ಎದುರಿಗೆ ನಿಂತಳು.

"ಫ್ಯೂಸ್ ನಿಮ್ಮ ಜೇಬಲ್ಲಿತ್ತು."

"ಹೂಂ."

"ಎಷ್ಟು ದಿನದಿಂದ?"

ಅವನು ಹೇಳಿದ. ಅವಳು ತುಟಿ ಕಚ್ಚಿಕೊಂಡು ಗೋಡೆ ನೋಡಿದಳು. "ನಾನು ಹಿಂದೆ ಕೂತು ನಿಮ್ಮನ್ನ ನಂಬ್ಕೊಂಡಿದ್ದೆ. ಆ ಪೇಂಟರನ್ನ ಬಿಡಿ, ನನ್ನನ್ನಾದ್ರೂ ನೆನೆಸ್ಕೋಬೇಕಿತ್ತು." ಕೈಯಲ್ಲಿದ್ದ ಚೀಟಿ ಚಾಚಿ ಹೇಳಿದಳು, "ಕೋಪ ಇದೆ ಅಣ್ಣ, ಅದು ಆಮೇಲೆ. ಸೈರನ್ ಕೂಗಿದಾಗೆಲ್ಲ ನಿಮ್ಮ ಕಣ್ಣು ತಾನಾಗೇ ತಿರುಗ್ತಿತ್ತು. ನೀವು ಬೇಕಂತ ಮಾಡೋಕಾಗಲ್ಲ ಅದನ್ನ. ಕಿವಿ ಡಾಕ್ಟರ ಹತ್ತಿರ ನಿಮ್ಮ ಹೆಸರು ಬರೆಸಿದ್ದೀನಿ. ಅತ್ತಿಗೇನ ಕರ್ಕೊಂಡು ಹೋಗಿ."

ಕಿವಿಯ ಡಾಕ್ಟರು ಸಣ್ಣ ದನಿಯ ಹೆಂಗಸು. ಅವನು ಹೆಂಡತಿಯ ಪಕ್ಕದಲ್ಲಿ, ಕೈ ಕಟ್ಟಿಕೊಂಡು ಕೂತ. ಸೈರನ್ ವಿಷಯ ಮಾತ್ರ ಹೇಳಬೇಕು, ಉಳಿದದ್ದು ಬಾಯಿಬಿಡಬಾರದು ಎಂದು ದಾರಿಯುದ್ದಕ್ಕೂ ಗಟ್ಟಿಮಾಡಿಕೊಂಡು ಬಂದಿದ್ದ. ಡಾಕ್ಟರು ಎಲ್ಲ ಕೇಳಿಸಿಕೊಂಡು, ಪೆನ್ನು ಕೆಳಗಿಟ್ಟು, ಹವಾಮಾನದ ಮಾತಿನಷ್ಟೇ ಸಲೀಸಾಗಿ ಕೇಳಿದರು.

"ಸುತ್ತ ಸದ್ದಿಲ್ಲದಾಗ, ನಿಮ್ಮ ಕಣ್ಣು ಹೊರಳೋದು ನಿಮಗೆ ಕೇಳ್ಸುತ್ತಾ?"

ಹೆಂಡತಿ ಅವನ ತೋಳು ಹಿಡಿದಳು. ದೊಡ್ಡ ಮೈಯ ಆ ಮನುಷ್ಯ ಕುರ್ಚಿಯಲ್ಲೇ ಬಗ್ಗಿ, ಮೊಣಕಾಲಿಗೆ ಹಣೆ ತಾಗಿಸಿ, ಸದ್ದಿಲ್ಲದೆ ಅತ್ತ. ಡಾಕ್ಟರು ಕಾದರು. ಆಮೇಲೆ ಬಡಿದರೆ ಕಂಪಿಸುವ ಎರಡು ಕಡ್ಡಿಯ ಉಕ್ಕಿನ ಕವೆಯೊಂದನ್ನು ತೆಗೆದು, ಮೊಣಕೈಗೆ ಬಡಿದು, ಅದರ ಬುಡವನ್ನು ಅವನ ಪಾದದ ಗಂಟಿಗೆ ಒತ್ತಿ ಹಿಡಿದರು.

"ಏನಾದ್ರೂ ತಿಳೀತಾ?"

"ಕೇಳಿಸ್ತಿದೆ."

"ಎಲ್ಲಿ?"

"ಎಡಗಿವೀಲಿ. ಗುಂಯ್ ಅಂತಿದೆ."

ಅವರು ಅದನ್ನೇ ಹೆಂಡತಿಯ ಕಾಲಿಗೂ ಇಟ್ಟರು. ಕಾಲಲ್ಲಿ ಸ್ವಲ್ಪ ಜುಮ್ಮೆನ್ನುತ್ತದೆ ಅಷ್ಟೇ, ಕಿವಿಗೇನೂ ಇಲ್ಲ ಎಂದಳು ಅವಳು.

ಒಳಗಿವಿಯಲ್ಲಿ ಕೇಳಿಸಿಕೊಳ್ಳುವ ಭಾಗದ ಪಕ್ಕದಲ್ಲೇ ಬಳೆಯ ಚೂರಿನಂಥ ಮೂರು ಸಣ್ಣ ಕೊಳವೆಗಳಿವೆ ಎಂದರು ಡಾಕ್ಟರು. ಒಳಗೆ ನೀರಿರುತ್ತದೆ. ತಲೆ ತಿರುಗಿಸಿದರೆ ನೀರು ಕದಲುತ್ತದೆ. ನರ ಅದನ್ನು ಮಿದುಳಿಗೆ ತಿಳಿಸುತ್ತದೆ. ಮಿದುಳು ತಕ್ಷಣ ಕಣ್ಣನ್ನು ಎದುರು ದಿಕ್ಕಿಗೆ ಸರಿಸಿ ನೋಟವನ್ನು ಸ್ಥಿರವಾಗಿಡುತ್ತದೆ. ಸದ್ದಿಗೂ ಈ ಕೊಳವೆಗೂ ಸಂಬಂಧ ಇರಬಾರದು. ಅವನ ಎಡಗಿವಿಯಲ್ಲಿ ಮೇಲಿನ ಕೊಳವೆಯನ್ನು ಮುಚ್ಚಿದ ಮೂಳೆ ಹುಟ್ಟಿನಿಂದಲೇ ಮೊಟ್ಟೆಯ ಸಿಪ್ಪೆಯಷ್ಟು ತೆಳುವಾಗಿದ್ದಿರಬೇಕು. ಈಗ ತೂತಾಗಿದೆ. ಆ ತೂತಿನಿಂದಾಗಿ ಜೋರು ಸದ್ದು ದಾರಿ ತಪ್ಪಿ ಈ ನೀರನ್ನೂ ಅಲ್ಲಾಡಿಸುತ್ತದೆ. ಮೈಯೊಳಗಿನ ಸಣ್ಣ ಸದ್ದುಗಳೂ ಅದರಿಂದಲೇ ದೊಡ್ಡದಾಗಿ ಕೇಳುತ್ತವೆ. ತಲೆಗೆ ಯಾವಾಗಲಾದರೂ ಏಟು ಬಿದ್ದಿತ್ತೇ ಎಂದು ಕೇಳಿದರು. ಹೋದ ವರ್ಷ ಗಾಡಿಯ ಹಿಂಬಾಗಿಲು ತಲೆಗೆ ಬಡಿದಿತ್ತು ಎಂದ ಅವನು.

ಹೆಂಡತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. "ಹಾಗಾದ್ರೆ ಇವರಿಗೆ ತಲೆ... ತಲೆ ಸರಿಯಾಗಿದ್ಯಾ ಡಾಕ್ಟ್ರೇ?"

"ತಲೆ ಚೆನ್ನಾಗಿದೆಯಮ್ಮ. ಕಿವಿ ಸುಳ್ಳು ಹೇಳ್ತಿದೆ, ತಲೆ ನಂಬ್ತಿದೆ. ನಂಬದೆ ಅದಕ್ಕೆ ಬೇರೆ ದಾರಿಯಿಲ್ಲ."

ಸ್ಕ್ಯಾನಿನಲ್ಲಿ ತೂತು ಕಂಡಿತು, ಎಳ್ಳುಕಾಳಿನಷ್ಟು. ಮನೆಗೆ ಬಂದ ಮೇಲೆ ಹೆಂಡತಿ ಸೊಂಟದಿಂದ ಕೀಲಿಕೈ ತೆಗೆದು ಬೀರುವಿನ ಮೇಲಿಟ್ಟಳು. ಅವನು ಅದನ್ನು ನೋಡಿದನೆಂದು ಅವಳಿಗೂ ಗೊತ್ತಾಯಿತು. ಅವನು ಆ ಸಂಜೆಯೆಲ್ಲ ಅಣ್ಣನನ್ನು ನೆನೆಯುತ್ತ ಕೂತ. ಅಣ್ಣನಿಗೆ ಮಾತುಗಳೂ ಕೇಳುತ್ತಿದ್ದವು, ಅದು ಬೇರೆಯೇ ಕಾಯಿಲೆ ಇರಬಹುದು. ಇಲ್ಲದೆಯೂ ಇರಬಹುದು. ಗೋಡೆಯೊಳಗೆ ಏನು ಕೇಳುತ್ತಿದೆ ಎಂದು ಮನೆಯಲ್ಲಿ ಯಾರೂ ಅವನನ್ನು ಕೂರಿಸಿಕೊಂಡು ಕೇಳಿರಲಿಲ್ಲ.

ತನ್ನ ಕಾಯಿಲೆಗೆ ಹೆಸರು ಸಿಕ್ಕಿತೆಂದು ಭಯ ಹೋಗಲಿಲ್ಲ. ತೂತು ಮುಚ್ಚಬೇಕಾದರೆ ಕಿವಿಯ ಮೇಲಿನ ತಲೆಬುರುಡೆ ಕೊರೆದು, ಮಿದುಳನ್ನು ಮೆಲ್ಲಗೆ ಮೇಲೆತ್ತಿ, ಆ ಕೊಳವೆಯನ್ನೇ ಮುಚ್ಚಿಬಿಡಬೇಕು. ಕೇಳಿಸುವುದು ಕಡಿಮೆಯಾಗಬಹುದು. ಸಮತೋಲ ತಪ್ಪಿ ಕೆಲವು ವಾರ ನಡೆಯಲಾಗದಿರಬಹುದು. ಬೇಡವೆಂದರೆ ಜೋರು ಸದ್ದಿನಿಂದ ದೂರವಿದ್ದು ಹಾಗೆಯೇ ಬದುಕಬಹುದು.

"ಹಾಗೇ ಇರಿ," ಎಂದಳು ಹೆಂಡತಿ. "ತಲೆ ಒಡೆಸ್ಕೊಳ್ಳೋದು ಬೇಡ. ಸದ್ದಿಲ್ಲದ ಕಡೆ ಮನೆ ಮಾಡೋಣ."

"ಸದ್ದಿಲ್ಲದ ಕಡೆ ಹೋದ್ರೆ ಇನ್ನೂ ಜಾಸ್ತಿ ಕೇಳ್ಸುತ್ತೆ ಕಣೇ. ನನ್ನ ಕಣ್ಣನ್ನ ಎಲ್ಲಿ ಬಿಟ್ಟು ಹೋಗ್ಲಿ?"

ಅತ್ತೆ ಅಂದಿನಿಂದ ಟೀವಿಯ ಸದ್ದು ಹಾಕಲಿಲ್ಲ. ಬಣ್ಣದ ಚಿತ್ರಗಳನ್ನು ಸದ್ದಿಲ್ಲದೆ ನೋಡುತ್ತ ಕೂರುತ್ತಿದ್ದರು. "ನನಗೇನು ಅಳಿಯಂದ್ರೇ, ಮೊದಲೂ ಅರ್ಧ ಕಥೆ ನಾನೇ ಕಟ್ಕೊಳ್ತಿದ್ದೆ, ಈಗ ಪೂರ್ತಿ," ಎನ್ನುತ್ತಿದ್ದರು. ಆಪರೇಷನ್ನಿಗೆ ಹೋಗುವ ಬೆಳಿಗ್ಗೆ ಮಾತ್ರ ಅವರು ಅವನ ಎಡಗಿವಿಯನ್ನು ಕೈಯಿಂದ ಮುಚ್ಚಿ ಹಿಡಿದು ಬಹಳ ಹೊತ್ತು ನಿಂತರು.

ಎಚ್ಚರವಾದಾಗ ಅವನು ಕಣ್ಣು ತೆರೆದ, ಆದರೆ ಕದಲಿಸಲಿಲ್ಲ. ಚಾವಣಿಯ ಬಿಳಿ ಚೌಕವೊಂದನ್ನೇ ನೋಡುತ್ತ ಇದ್ದ. ನರ್ಸು ಬಂದು ಹೋದಳು. ಕೊನೆಗೆ ಉಸಿರು ಬಿಗಿಹಿಡಿದು ಕಣ್ಣನ್ನು ಬಾಗಿಲತ್ತ ಹೊರಳಿಸಿದ. ಏನೂ ಕೇಳಲಿಲ್ಲ. ಕಿಟಕಿಯತ್ತ ತಂದ. ಏನೂ ಇಲ್ಲ. ಅಷ್ಟರಲ್ಲಿ ಕೋಣೆ ಗಿರ್ರನೆ ತಿರುಗಿ, ಮಂಚದ ಅಂಚು ಹಿಡಿದುಕೊಂಡು ವಾಂತಿ ಮಾಡಿದ. ಒಂದು ಕೊಳವೆ ಹೋಯಿತಲ್ಲ, ಉಳಿದವುಗಳ ಮಾತಿನಲ್ಲೇ ಲೆಕ್ಕ ಹಿಡಿಯುವುದನ್ನು ಮಿದುಳು ಹೊಸದಾಗಿ ಕಲಿಯಬೇಕು, ನಡೆದೇ ಕಲಿಯಬೇಕು ಎಂದರು ಡಾಕ್ಟರು.

ನಡಿಗೆ ಕಲಿಸುವ ಕೋಣೆ ಆಸ್ಪತ್ರೆಯ ನೆಲಮಹಡಿಯಲ್ಲಿತ್ತು. ಒಂದು ಕಡೆ ಮೆತ್ತನೆಯ ಹಾಸು, ಅದರ ಮೇಲೆ ಕಣ್ಣು ಮುಚ್ಚಿ ನಿಲ್ಲುವುದು ಅವನ ಪಾಠ. ಇನ್ನೊಂದು ಕಡೆ ಎರಡು ಉದ್ದನೆಯ ಕಂಬಿ. ಮೊದಲ ದಿನವೇ ಆ ಕಂಬಿಗಳ ನಡುವೆ ಅವನಿಗೆ ಪೇಂಟರ್ ಕಂಡ. ಕೂದಲಲ್ಲಿ ಬಣ್ಣವಿರಲಿಲ್ಲ. ಬಲಗಾಲು ಇಡುತ್ತಿದ್ದ, ಎಡಗಾಲನ್ನು ಎಳೆದು ತರುತ್ತಿದ್ದ. ತಲೆ ಬಿಗಿದು ಮಲಗಿಸಿದ್ದರಿಂದ ಅಂದು ಅವನು ಡ್ರೈವರನ ಮುಖ ನೋಡಿರಲಿಲ್ಲ.

"ನಿಮ್ಮದೇನು?" ಎಂದು ಪೇಂಟರನೇ ಮಾತಾಡಿಸಿದ.

"ಕಿವಿ."

"ಕಿವಿಗೂ ಕಾಲಿಗೂ ಏನು ಸಂಬಂಧ?"

"ನನಗೂ ಗೊತ್ತಿರಲಿಲ್ಲ."

ಪೇಂಟರ್ ನಕ್ಕ. ಬೀಳುವ ಭಯ ಇಬ್ಬರಿಗೂ ಇತ್ತು. ಅದರ ಬಗ್ಗೆ ದಿನವೂ ಒಂದೆರಡು ಮಾತಾಡುತ್ತಿದ್ದರು. ಮಂಚದಿಂದ ಇಳಿಯಲೂ ಹೆದರಿಕೆ, ಕುರ್ಚಿ ಹತ್ತಿ ಬಲ್ಬು ಹಾಕುವ ಕನಸು ಬಿದ್ದರೂ ಕಿರಿಚಿಕೊಂಡು ಏಳುತ್ತೇನೆ ಎಂದ ಪೇಂಟರ್. ಅವನು ತಲೆಯಾಡಿಸುತ್ತಿದ್ದ. ಒಳಗೊಳಗೇ ಕೊರೆಯುತ್ತಿತ್ತು. ಈ ಮನುಷ್ಯನ ಎದುರು ಮತ್ತೊಮ್ಮೆ ಬಾಯಿ ಮುಚ್ಚಿಕೊಂಡು ಕೂತಿದ್ದೇನೆ ಎನ್ನಿಸುತ್ತಿತ್ತು. ಒಂದು ದಿನ ಇಬ್ಬರೂ ಸುಸ್ತಾಗಿ ಬೆಂಚಿನ ಮೇಲೆ ಕೂತಿದ್ದಾಗ ಹೇಳಿದ.

"ಅವತ್ತು ಸೇತುವೆ ಮೇಲೆ ಗಾಡಿ ಓಡಿಸ್ತಿದ್ದೋನು ನಾನೇ."

ಪೇಂಟರ್ ಬೆವರು ಒರೆಸುತ್ತಿದ್ದ ಬಟ್ಟೆಯನ್ನು ತೊಡೆಯ ಮೇಲಿಟ್ಟ. ಅವನು ಎಲ್ಲವನ್ನೂ ಹೇಳಿದ: ಸದ್ದು, ವಾಲುವ ರಸ್ತೆ, ಜೇಬಿನ ಫ್ಯೂಸ್, ಹಿಂಬಾಗಿಲು ಮುಚ್ಚುವಾಗ ನುಂಗಿಕೊಂಡ ಮಾತು.

ಪೇಂಟರ್ ತನ್ನ ಎಡಗಾಲನ್ನು ಕೈಯಿಂದ ಎತ್ತಿ ಸರಿಸಿಟ್ಟ. "ಆ ಕುಲುಕು ನನಗೆ ನೆನಪಿದೆ. ಏಣಿಯಿಂದ ಬಿದ್ದಾಗಲೇ ಕಾಲು ಹೋಯ್ತೋ, ಆಗ ಹೋಯ್ತೋ, ಡಾಕ್ಟ್ರನ್ನ ಕೇಳ್ದೆ. ಹೇಳೋಕಾಗಲ್ಲ ಅಂದ್ರು."

"ನನಗೂ ಹಾಗೇ ಅಂದ್ರು."

"ನೀವೂ ಕೇಳಿದ್ರಾ?"

"ಪ್ರತಿ ವಾರ ಕೇಳ್ತೀನಿ."

ಪೇಂಟರ್ ಕೋಲು ಊರಿ ಎದ್ದ. "ನೀವು ನಾಳೆಯಿಂದ ಬೇರೆ ಹೊತ್ತಿಗೆ ಬನ್ನಿ," ಎಂದ.

ಅವನು ಸಂಜೆಯ ಹೊತ್ತಿಗೆ ಬದಲಾಯಿಸಿಕೊಂಡ. ತಿಂಗಳುಗಳು ಹೋದವು. ಎಡಗಿವಿ ಕೊಂಚ ಮಂದವಾಗಿಯೇ ಉಳಿಯಿತು, ಕತ್ತಲಲ್ಲಿ ನಡೆಯುವಾಗ ಗೋಡೆ ಮುಟ್ಟಬೇಕಾಗುತ್ತಿತ್ತು. ವಿಚಾರಣೆಯಲ್ಲಿ ಸಿಸ್ಟರ್ ಕಂಡದ್ದನ್ನು ಕಂಡಂತೆ ಹೇಳಿದಳು, ಕಣ್ಣಿನದನ್ನೂ ಫ್ಯೂಸಿನದನ್ನೂ. ಅವನಿಗೆ ಆಂಬುಲೆನ್ಸ್ ಮತ್ತೆ ಕೊಡಲಿಲ್ಲ; ಅವನೂ ಕೇಳಲಿಲ್ಲ. ಡಾಕ್ಟರು ಓಡಿಸಬಹುದು ಎಂದ ಮೇಲೆ ಆಸ್ಪತ್ರೆಯ ಬಟ್ಟೆ ಸಾಗಿಸುವ ವ್ಯಾನು ಸಿಕ್ಕಿತು. ಸಿಸ್ಟರ್ ಎದುರಾದರೆ ನಿಂತು ಮಾತಾಡಿಸುತ್ತಿದ್ದಳು, ಆದರೆ ಹಿಂದಿನ ಸಲಿಗೆಯಿರಲಿಲ್ಲ. ಅವಳ ಹುಬ್ಬಿನ ಮೇಲೆ ಸಣ್ಣ ಬಿಳಿ ಗೆರೆ ಉಳಿದಿತ್ತು.

ಒಂದು ಮಧ್ಯಾಹ್ನ ಅವನು ಒಗೆದ ಚಾದರಗಳ ಮೂಟೆ ಇಳಿಸಿ ಬರುವಾಗ, ಆಸ್ಪತ್ರೆಯ ಹಿಂಬಾಗಿಲಿನ ಇಳಿಜಾರಿನ ಮೇಲ್ತುದಿಯಲ್ಲಿ ಪೇಂಟರ್ ಒಬ್ಬನೇ ನಿಂತಿದ್ದ. ಕೋಲು ಒಂದು ಕೈಯಲ್ಲಿ. ಇನ್ನೊಂದು ಕೈ ಗೋಡೆಯನ್ನು ಹುಡುಕುತ್ತಿತ್ತು, ಅಲ್ಲಿ ಗೋಡೆ ಇರಲಿಲ್ಲ. ಅವನು ದೂರದಲ್ಲೇ ನಿಂತ. ಪೇಂಟರ್ ಅವನನ್ನು ನೋಡಿ ಮುಖ ತಿರುಗಿಸಿದ. ಆಮೇಲೆ ಮತ್ತೆ ನೋಡಿದ.

"ಹತ್ತೋದು ಪರವಾಗಿಲ್ಲ. ಇಳಿಯೋದು ಕಂಡ್ರೆ ಜೀವ ಹೋಗುತ್ತೆ," ಎಂದ, ಯಾರಿಗೋ ಹೇಳಿದಂತೆ.

ಅವನು ಹತ್ತಿರ ಹೋಗಿ ತೋಳು ಚಾಚಿದ. ಪೇಂಟರ್ ತಕ್ಷಣ ಹಿಡಿಯಲಿಲ್ಲ.

"ನೀವು ಬೀಳಲ್ಲ ತಾನೇ?"

"ಹೇಳೋಕಾಗಲ್ಲ. ಇಳಿಜಾರಲ್ಲಿ ನನಗೂ ಸ್ವಲ್ಪ ಕಷ್ಟ."

ಪೇಂಟರ್ ಅವನ ತೋಳು ಹಿಡಿದ. ಬೆರಳು ಮಾಂಸಕ್ಕೆ ಇಳಿಯುವಷ್ಟು ಗಟ್ಟಿಯಾಗಿ ಹಿಡಿದ. ಇಬ್ಬರೂ ಪಾದ ನೋಡಿಕೊಂಡು ಹೊರಟರು. ಕೆಳಗೆ ಮುಟ್ಟುವವರೆಗೆ ಪೇಂಟರ್ ಹಿಡಿತ ಸಡಿಲಿಸಲಿಲ್ಲ.